ದಖ್ಖನಿನ ಪಂಚರು: ಸಿವಿಲ್ ನ್ಯಾಯದಲ್ಲಿ ಜೂರಿಯ ಒಂದು ಹಳೆಯ ಅಧ್ಯಾಯ

ಈಗ ಛತ್ರಪತಿ ಸಂಭಾಜಿನಗರವೆಂದು ಹೆಸರು ತಳೆದಿರುವ ಔರಂಗಾಬಾದಿನಿಂದ ಪೂರ್ವಕ್ಕೆ, ಜಾಲನಾದ ಹೆದ್ದಾರಿಯ ಮೇಲೆ, ಚಿಕಲಠಾಣಾ ಎಂಬ ಊರು ಇದೆ. ವಿಮಾನ ನಿಲ್ದಾಣದಿಂದಲೂ ಕೈಗಾರಿಕಾ ವಸಾಹತಿನಿಂದಲೂ ಈ ಹೆಸರು ಇಂದು ದೂರದವರಿಗೆ ಪರಿಚಿತವಾಗಿದೆ. ಅದೇ ಜಾಲನಾ ರಸ್ತೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವಿರುವುದು. ೧೯೮೧ರಲ್ಲಿ ಆರಂಭವಾದ ಈ ಪೀಠದ ಮುಂದೆ ಮರಾಠವಾಡದ ಹೊಲದ ಗಡಿ, ಪಾಲುಪಟ್ಟಿ, ಸಾಲ, ಕ್ರಯ ಮುಂತಾದ ವ್ಯಾಜ್ಯಗಳು ಮೇಲ್ಮನವಿಯಾಗಿ ಬರುತ್ತವೆ. ಅವನ್ನು ತೀರ್ಮಾನಿಸುವವರು ನ್ಯಾಯಾಧೀಶರು ಮಾತ್ರ. ವಾದಿಯನ್ನಾಗಲಿ ಪ್ರತಿವಾದಿಯನ್ನಾಗಲಿ ಬಲ್ಲ ಊರಿನವರಿಗೆ ಅಲ್ಲಿ ಸಾಕ್ಷಿಯ ಸ್ಥಾನ ಉಂಟೇ ಹೊರತು ತೀರ್ಪುಗಾರರ ಸ್ಥಾನವಿಲ್ಲ.

ಎರಡು ಶತಮಾನಗಳ ಹಿಂದೆ ಇದೇ ದಖ್ಖನಿನ ಹಳ್ಳಿಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಹೊಲ ಯಾರದು, ಸಾಲ ತೀರಿತೋ ಇಲ್ಲವೋ, ಗೌಡಿಕೆಯ ಹಕ್ಕು ಯಾವ ಮನೆತನದ್ದು ಎಂಬ ಪ್ರಶ್ನೆಗಳನ್ನು ಊರಿನವರೇ ಕೂಡಿ ಕುಳಿತು ನಿರ್ಣಯಿಸುತ್ತಿದ್ದರು. ಇವರನ್ನು ಕಂಡ ಆಂಗ್ಲ ಅಧಿಕಾರಿಗಳು ತಮ್ಮ ದೇಶದ ಜೂರಿಯನ್ನು ನೆನೆದರು. ಕೆಲವರು ಇದನ್ನು ಉಳಿಸಬೇಕೆಂದು ಮನಸ್ಸಿಟ್ಟು ಯತ್ನಿಸಿಯೂ ಯತ್ನಿಸಿದರು. ಆದರೂ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಪಂಚಾಯಿತಿಯು ಸಿವಿಲ್ ನ್ಯಾಯದಿಂದ ಬಹುಮಟ್ಟಿಗೆ ಮರೆಯಾಯಿತು. ಯಾವ ಕಾನೂನೂ ಅದನ್ನು ನಿಷೇಧಿಸಿರಲಿಲ್ಲ. ನಿಷೇಧವಿಲ್ಲದೆ ಒಂದು ಸಂಸ್ಥೆ ಹೇಗೆ ಅಳಿಯಿತು, ಅದರ ಅಳಿವಿನಿಂದ ನಷ್ಟವಾದುದು ಯಾರಿಗೆ ಎಂಬುದು ವಿಚಾರಾರ್ಹವಾದ ವಿಷಯ.

೧

ಈ ಪದ್ಧತಿಯ ಬೇರು ಬಹಳ ಹಳೆಯದು. ಔರಂಗಾಬಾದಿಗೆ ಸಮೀಪವಾದ ದೇವಗಿರಿ ಸೇವುಣರ ರಾಜಧಾನಿ. ಆ ಅರಸರ ಶಾಸನಗಳಲ್ಲಿ ಬಹು ಸಂಖ್ಯೆಯವು ಕನ್ನಡದಲ್ಲಿವೆ. ಅವರಿಗಿಂತ ಹಿಂದೆ, ಈಗ ಬೀದರ ಜಿಲ್ಲೆಗೆ ಸೇರಿರುವ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕಿರುವ ಪ್ರಾಮಾಣ್ಯ ಎಲ್ಲರಿಗೂ ತಿಳಿದದ್ದೇ. ಅದರ ವ್ಯವಹಾರಾಧ್ಯಾಯದಲ್ಲಿ ನ್ಯಾಯಸಭೆಯ ರಚನೆಯನ್ನು ಕುರಿತು ಬಂದಿರುವ ಮಾತುಗಳು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ರಾಜನು ಒಬ್ಬನೇ ವ್ಯಾಜ್ಯವನ್ನು ವಿಚಾರಿಸಬಾರದು. ಅವನೊಡನೆ ಸಭ್ಯರು ಇರಬೇಕು. ಇವರು ಓದಿದವರೂ ಸತ್ಯವಾದಿಗಳೂ ಶತ್ರು ಮಿತ್ರರಲ್ಲಿ ಸಮಭಾವವುಳ್ಳವರೂ ಆಗಿರಬೇಕು. ಲೋಕದ ಸಮ್ಮತಿಗಾಗಿ ಕೆಲವರು ವರ್ತಕರೂ ಸಭೆಯಲ್ಲಿ ಇರತಕ್ಕದ್ದೆಂದು ವ್ಯಾಖ್ಯಾನಕಾರನು ಕಾತ್ಯಾಯನನ ಆಧಾರದಿಂದ ಹೇಳುತ್ತಾನೆ. ಪ್ರೀತಿ, ಲೋಭ ಅಥವಾ ಭಯದಿಂದ ಸಭ್ಯರು ತಪ್ಪು ನಿರ್ಣಯವನ್ನು ಕೊಟ್ಟರೆ ವಿವಾದದಲ್ಲಿ ಸೋತವನಿಗೆ ವಿಧಿಸುವ ದಂಡದ ಇಮ್ಮಡಿಯನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ದಂಡವಾಗಿ ತೆರಬೇಕು. ರಾಜನ ಸಭೆಗಿಂತ ಕೆಳಗೆ ಪೂಗ, ಶ್ರೇಣಿ, ಕುಲ ಎಂಬ ಸಭೆಗಳಿಗೂ ಸ್ಮೃತಿ ಮನ್ನಣೆ ಕೊಟ್ಟಿದೆ. ಪೂಗವೆಂದರೆ ಒಂದು ಸ್ಥಳದಲ್ಲಿ ವಾಸಿಸುವ ನಾನಾ ಜಾತಿ ನಾನಾ ವೃತ್ತಿಗಳ ಜನರ ಸಮೂಹ. ಶ್ರೇಣಿ ಒಂದೇ ವೃತ್ತಿಯವರ ಕೂಟ. ಕುಲ ಬಂಧುಬಳಗ. ಕುಲದಲ್ಲಿ ತೀರದ್ದು ಶ್ರೇಣಿಗೆ, ಅಲ್ಲಿ ತೀರದ್ದು ಪೂಗಕ್ಕೆ, ಅದಕ್ಕೂ ಮೇಲೆ ರಾಜನಿಯುಕ್ತರಾದ ಸಭ್ಯರಿಗೆ ಹೋಗಬಹುದಾಗಿತ್ತು.

ಈ ಸಭ್ಯರನ್ನು ನೇರವಾಗಿ ಜೂರಿ ಎನ್ನಲಾಗದು. ಜೂರಿಯು ವಾಸ್ತವಾಂಶವನ್ನು ನಿರ್ಣಯಿಸಿ ಕಾನೂನನ್ನು ನ್ಯಾಯಾಧೀಶನಿಗೆ ಬಿಡುತ್ತದೆ. ಸಭ್ಯರು ಎರಡನ್ನೂ ಕೂಡಿಯೇ ವಿಚಾರಿಸುತ್ತಿದ್ದರು. ಆದರೆ ತೀರ್ಪು ಒಬ್ಬನ ಬುದ್ಧಿಗೆ ಬಿಟ್ಟದ್ದಲ್ಲ, ತೀರ್ಪು ಕೊಟ್ಟವನು ಅದರ ಹೊಣೆಯನ್ನೂ ಹೊರಬೇಕು ಎಂಬ ಎರಡು ತತ್ತ್ವಗಳು ಇಲ್ಲಿ ಸ್ಪಷ್ಟವಾಗಿವೆ.

೨

ಮರಾಠರ ಕಾಲದ ಗೋತಸಭೆಯೂ ಮಜಲಿಸೂ ಈ ಹಳೆಯ ಸಭೆಗಳ ಮುಂದುವರಿಕೆಯಂತೆ ತೋರುತ್ತವೆ. ಊರಿನ ಪಾಟೀಲ, ಕುಲಕರ್ಣಿ, ಬಲುತೇದಾರರು (ಕನ್ನಡ ನಾಡಿನ ಆಯಗಾರರು) ಮತ್ತು ಮಿರಾಸಿ ರೈತರು ಹಳ್ಳಿಯ ಗೋತದಲ್ಲಿ ಕೂಡುತ್ತಿದ್ದರು. ಪರಗಣೆಯ ಸಭೆಯಲ್ಲಿ ದೇಶಮುಖ ದೇಶಪಾಂಡೆಯರು, ಪೇಟೆಯ ಸಭೆಯಲ್ಲಿ ಶೇಟೆ ಮಹಾಜನರು ಮುಖ್ಯರು. ಗಡಿಯ ವ್ಯಾಜ್ಯದಲ್ಲಿ ಊರಿನ ಮಹಾರನ ಮಾತಿಗೆ ವಿಶೇಷ ಬೆಲೆ ಇತ್ತು. ಎಲ್ಲೆಕಲ್ಲುಗಳನ್ನು ಬಲ್ಲವನು ಅವನೇ.

ವಿಚಾರಣೆಗೆ ಒಂದು ಕ್ರಮವಿತ್ತು. ಮೊದಲು ಉಭಯ ಪಕ್ಷಗಳಿಂದಲೂ ‘ರಾಜೀನಾಮೆ’ಯನ್ನು ಬರೆಸಿಕೊಳ್ಳುತ್ತಿದ್ದರು. ಕೆಲಸ ಬಿಡುವ ಪತ್ರವೆಂಬ ಇಂದಿನ ಅರ್ಥ ಇಲ್ಲಿ ಸಲ್ಲದು. ಪಂಚರು ಕೊಡುವ ನಿರ್ಣಯಕ್ಕೆ ಒಪ್ಪಿ ನಡೆಯುತ್ತೇವೆಂಬ ಕರಾರು ಅದು. ಅದಕ್ಕೆ ಜಾಮೀನು ಬೇರೆ. ಬಳಿಕ ಎರಡೂ ಕಡೆಯ ಹೇಳಿಕೆಗಳನ್ನು ಬರೆದುಕೊಂಡು, ದಾಖಲೆಗಳನ್ನು ನೋಡಿ, ಸಾಕ್ಷಿಗಳನ್ನು ಪ್ರಮಾಣದ ಮೇಲೆ ವಿಚಾರಿಸುತ್ತಿದ್ದರು. ಮನುಷ್ಯರ ಸಾಕ್ಷ್ಯ ಸಾಲದೆ ಹೋದಾಗ ಕೆಲವೊಮ್ಮೆ ದಿವ್ಯವನ್ನೂ ಮಾಡಿಸುತ್ತಿದ್ದರು. ಕೊನೆಗೆ ನಿರ್ಣಯವನ್ನು ‘ಮಹಜರು’ ಎಂಬ ಪತ್ರದಲ್ಲಿ ಬರೆದು, ಕೂಡಿದವರೆಲ್ಲ ಅದಕ್ಕೆ ಗುರುತು ಹಾಕುತ್ತಿದ್ದರು. ಓದು ಬಾರದವರು ತಮ್ಮ ವೃತ್ತಿಯ ಚಿಹ್ನೆಯನ್ನು ಬರೆಯುತ್ತಿದ್ದರು, ಪಾಟೀಲನದು ನೇಗಿಲು. ಗೆದ್ದವನು ಸರ್ಕಾರಕ್ಕೆ ‘ಹರಕಿ’ ಎಂಬ ಕಾಣಿಕೆಯನ್ನೂ ಸೋತವನು ‘ಗುನ್ಹೆಗಾರಿ’ ಎಂಬ ದಂಡವನ್ನೂ ಕೊಡಬೇಕಾಗಿತ್ತು. ಸರ್ಕಾರವು ಅದರ ಬಲದಿಂದ ಪಂಚರ ನಿರ್ಣಯವನ್ನು ಜಾರಿಗೆ ತರುತ್ತಿತ್ತು.

ಇಲ್ಲಿ ಸೂಕ್ಷ್ಮವಾದ ಒಂದು ಸಮತೋಲನವಿದೆ. ಸತ್ಯ ಯಾವುದೆಂಬುದನ್ನು ಹೇಳುವವರು ಊರಿನವರು. ಅವರ ಮಾತನ್ನು ನಡೆಸಿಕೊಡುವುದು ಸರ್ಕಾರದ ಕೆಲಸ. ಇವೆರಡರ ಪೈಕಿ ಒಂದು ತಪ್ಪಿದರೂ ಪಂಚಾಯಿತಿ ನಿಲ್ಲಲಾರದು.

೩

೧೮೧೮ರಲ್ಲಿ ಪೇಶವೆಯ ರಾಜ್ಯ ಆಂಗ್ಲರ ವಶವಾಯಿತು. ದಖ್ಖನಿನ ಕಮಿಷನರಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ೧೮೧೯ರಲ್ಲಿ ಗೆದ್ದ ಸೀಮೆಯ ಮೇಲೆ ಒಂದು ವಿಸ್ತಾರವಾದ ವರದಿಯನ್ನು ಒಪ್ಪಿಸಿದನು. ಸಿವಿಲ್ ನ್ಯಾಯದ ಭಾಗ ಅದರಲ್ಲಿ ಬಹಳ ಮುಖ್ಯವಾದುದು. ಪಂಚಾಯಿತಿಯ ದೋಷಗಳನ್ನು ಅವನು ಮರೆಮಾಚಲಿಲ್ಲ. ಪಂಚರನ್ನು ಕೂಡಿಸುವುದು ಕಷ್ಟ, ಕೂಡಿದವರು ಮಧ್ಯದಲ್ಲಿ ಎದ್ದುಹೋಗುವುದುಂಟು, ವಿಚಾರಣೆ ನಿಧಾನ, ಲಂಚಕ್ಕೂ ಪ್ರಭಾವಕ್ಕೂ ಅವಕಾಶವಿದೆ, ಬಲಿಷ್ಠನ ವಿರುದ್ಧ ನಿರ್ಣಯವಾದರೆ ಅದು ನಡೆಯುವುದು ದುರ್ಲಭ. ಗುಣಗಳನ್ನೂ ಅವನು ಅಷ್ಟೇ ಸ್ಪಷ್ಟವಾಗಿ ಕಂಡನು. ಲೆಕ್ಕದ ವ್ಯಾಜ್ಯವಾದರೆ ಸಾಹುಕಾರರು, ಭೂಮಿಯ ವ್ಯಾಜ್ಯವಾದರೆ ದೇಶಮುಖರೂ ಪಾಟೀಲರೂ ಪಂಚರಾಗುತ್ತಿದ್ದರು. ವಿಷಯವನ್ನು ಬಲ್ಲವರು, ಪಕ್ಷಗಾರರನ್ನು ಬಲ್ಲವರು. ಜನಕ್ಕೆ ಅವರಲ್ಲಿ ನಂಬುಗೆ ಇತ್ತು. ಇಷ್ಟು ಅವ್ಯವಸ್ಥೆಯ ಆಡಳಿತದಲ್ಲಿಯೂ ದೇಶ ಹಾಳಾಗದೆ ನಿಂತದ್ದಕ್ಕೆ ಇದು ಒಂದು ಕಾರಣವೆಂದು ಅವನ ಅಭಿಪ್ರಾಯ. ಆದುದರಿಂದ ಪಂಚಾಯಿತಿಯೇ ಸಿವಿಲ್ ನ್ಯಾಯದ ಮುಖ್ಯ ಸಾಧನವಾಗಿ ಉಳಿಯಬೇಕು ಎಂದು ಅವನು ಸೂಚಿಸಿದನು.

ಅವನು ಮುಂಬಯಿಯ ಗವರ್ನರನಾಗಿ ಹೋದ ಮೇಲೆ ಕಮಿಷನರಾದ ವಿಲಿಯಂ ಚಾಪ್ಲಿನ್ ಅದಕ್ಕೆ ಮೊದಲು ಧಾರವಾಡದಲ್ಲಿ ಆಡಳಿತ ನಡೆಸಿ ಕನ್ನಡ ಸೀಮೆಯನ್ನು ಬಲ್ಲವನಾಗಿದ್ದನು. ೧೮೨೨ರ ಅವನ ವರದಿಯ ಹೊತ್ತಿಗೆ ಚಿತ್ರ ಬದಲಾಗುತ್ತಿತ್ತು. ಪಂಚರಾಗಲು ಗಣ್ಯರು ಹಿಂಜರಿಯುತ್ತಿದ್ದರು, ವಿಚಾರಣೆಗಳು ಎಳೆದಾಡುತ್ತಿದ್ದವು, ಜನ ಅಧಿಕಾರಿಯ ಬಳಿಗೇ ಬರತೊಡಗಿದ್ದರು. ೧೮೨೭ರಲ್ಲಿ ಎಲ್ಫಿನ್‌ಸ್ಟನ್ನನ ಹೆಸರಿನಿಂದಲೇ ಪ್ರಸಿದ್ಧವಾದ ಮುಂಬಯಿ ರೆಗ್ಯುಲೇಷನ್ನುಗಳು ಹೊರಬಂದಾಗ, ಅದಾಲತ್ತುಗಳ ಕಾರ್ಯಕ್ರಮವೇ ಪ್ರಧಾನವಾಗಿ, ಪಂಚಾಯಿತಿಗೆ ದೊರೆತದ್ದು ಉಭಯ ಸಮ್ಮತಿಯ ಮಧ್ಯಸ್ಥಿಕೆಯ ಸ್ಥಾನ ಮಾತ್ರ. ಆ ವರ್ಷದ ಏಳನೆಯ ರೆಗ್ಯುಲೇಷನ್ ಮಧ್ಯಸ್ಥಿಕೆಗೆ ಮೀಸಲಾದುದು.

ಇದಕ್ಕೆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಿಂದೆ ಸಾಲಗಾರನನ್ನು ಪಂಚರ ಮುಂದೆ ತರಲು ಸಾಹುಕಾರನಿಗೆ ‘ತಕಾಜಾ’, ‘ಧರಣಿ’ ಮುಂತಾದ ಉಪಾಯಗಳಿದ್ದವು. ಬಾಗಿಲಲ್ಲಿ ಕೂತು ಪೀಡಿಸುವ ಈ ಕ್ರಮಗಳು ಅನುಚಿತವೆಂದು ಹೊಸ ಸರ್ಕಾರ ಅವನ್ನು ಅಡಗಿಸಿತು. ಅಡಗಿಸಿದ್ದು ಯುಕ್ತವೇ ಸರಿ. ಆದರೆ ಅದರ ಫಲವಾಗಿ ಒಲ್ಲದ ಪ್ರತಿವಾದಿಯನ್ನು ಎಳೆತರುವ ಬಲ ಅದಾಲತ್ತಿಗೆ ಮಾತ್ರ ಉಳಿಯಿತು. ಪಂಚಾಯಿತಿಗೆ ಉಭಯರ ಒಪ್ಪಿಗೆ ಬೇಕು. ಅದಾಲತ್ತಿಗೆ ಒಬ್ಬನ ಅರ್ಜಿ ಸಾಕು. ಗೆಲ್ಲುವೆನೆಂಬ ಭರವಸೆ ಇದ್ದವನು ಯಾವ ಬಾಗಿಲನ್ನು ತಟ್ಟುತ್ತಾನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೪

ಮುಂಬಯಿ ಆಧಿಪತ್ಯದಲ್ಲಿ ನಡೆದದ್ದೇ ಬೇರೆ ಕಡೆಗಳಲ್ಲಿಯೂ ನಡೆಯಿತು. ಮದರಾಸಿನಲ್ಲಿ ಥಾಮಸ್ ಮನ್ರೋವಿನ ಯತ್ನದಿಂದ ೧೮೧೬ರ ರೆಗ್ಯುಲೇಷನ್ನುಗಳು ಜಾರಿಗೆ ಬಂದವು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳೂ, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡೂ ಆ ಆಧಿಪತ್ಯದಲ್ಲಿಯೇ ಇದ್ದವು. ಊರಿನ ಮುಖ್ಯಸ್ಥನಿಗೆ ಗ್ರಾಮ ಮುನ್ಸೀಫನಾಗಿ ಹತ್ತು ರೂಪಾಯಿಯವರೆಗಿನ ದಾವೆಗಳನ್ನು ತೀರಿಸುವ ಅಧಿಕಾರ ಬಂದಿತು. ಉಭಯರೂ ಒಪ್ಪಿದರೆ ಗ್ರಾಮ ಪಂಚಾಯಿತಿಯ ಮುಂದೆ ವ್ಯಾಜ್ಯವನ್ನು ಇಡಬಹುದಾಗಿತ್ತು. ಪಂಚರು ಪಕ್ಷಪಾತ ಮಾಡಿದರೆಂದೋ ಲಂಚ ತಿಂದರೆಂದೋ ರುಜುವಾತಾದ ಹೊರತು ಅವರ ನಿರ್ಣಯವನ್ನು ಕೆಡಿಸುವಂತಿರಲಿಲ್ಲ. ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ಏರ್ಪಾಡು ಬೇಡ. ಆದರೂ ಜನ ಅದನ್ನು ಬಹಳವಾಗಿ ಬಳಸಲಿಲ್ಲ. ‘ಉಭಯರೂ ಒಪ್ಪಿದರೆ’ ಎಂಬ ಮಾತು ಅಲ್ಲಿಯೂ ಅಡ್ಡ ಬಂದಿತು.

ಬಂಗಾಳದಲ್ಲಿ ರಾಜಾ ರಾಮಮೋಹನ ರಾಯರು ಪಂಚಾಯಿತಿಯೂ ಜೂರಿಯೂ ತತ್ತ್ವತಃ ಒಂದೇ ಎಂದು ವಾದಿಸಿ, ನ್ಯಾಯಾಲಯಗಳಲ್ಲಿ ದೇಶೀಯ ಜೂರಿಗಳನ್ನು ಕೂಡಿಸಬೇಕೆಂದು ಇಂಗ್ಲೆಂಡಿನ ಅಧಿಕಾರಿಗಳ ಮುಂದೆ ಸಲಹೆಯಿಟ್ಟರು. ೧೮೩೨ರ ಬಂಗಾಳದ ಆರನೆಯ ರೆಗ್ಯುಲೇಷನ್ ಈ ವಿಚಾರಕ್ಕೆ ಮನ್ನಣೆ ಕೊಟ್ಟಂತೆ ತೋರುತ್ತದೆ. ಐರೋಪ್ಯ ನ್ಯಾಯಾಧೀಶನು ಸಿವಿಲ್ ದಾವೆಯನ್ನು ಗಣ್ಯರ ಪಂಚಾಯಿತಿಗೆ ವಿಚಾರಣೆಗಾಗಿ ಒಪ್ಪಿಸಬಹುದು. ಇಲ್ಲವೆ ಅಸೆಸರರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಬಹುದು. ಇಲ್ಲವೆ ಜೂರಿಯ ರೀತಿಯಲ್ಲಿಯೇ ಅವರನ್ನು ಬಳಸಬಹುದು. ಇಷ್ಟನ್ನೂ ಹೇಳಿದ ಬಳಿಕ ಅದೇ ಕಾನೂನು, ಅಂತಿಮ ತೀರ್ಮಾನ ಮಾತ್ರ ನ್ಯಾಯಾಧೀಶನೊಬ್ಬನದೇ ಎಂದಿತು. ಹೀಗೆ ಸಿವಿಲ್ ಜೂರಿಯು ನಮ್ಮ ದೇಶದ ಕಾನೂನಿನ ಪುಸ್ತಕದೊಳಗೆ ಪ್ರವೇಶಿಸಿದ್ದು ನಿಜ; ಮಾತಾಡಲು ಅದಕ್ಕೆ ಅವಕಾಶ ದೊರೆಯಿತು, ತೀರ್ಪು ಕೊಡಲು ದೊರೆಯಲಿಲ್ಲ.

ಮೈಸೂರಿನ ಅನುಭವ ಇವುಗಳಿಗಿಂತ ಕೊಂಚ ಭಿನ್ನವಾದುದು. ೧೮೩೧ರಲ್ಲಿ ಆಡಳಿತ ಆಂಗ್ಲರ ಕೈಗೆ ಹೋದ ಮೇಲೆ, ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಹಳೆಯ ಪದ್ಧತಿಗಳನ್ನು ಆದಷ್ಟು ಉಳಿಸಿಕೊಂಡನು. ಅವನ ಕಾಲದ ಸಿವಿಲ್ ವ್ಯವಸ್ಥೆಯಲ್ಲಿ ತಾಲ್ಲೂಕಿನ ಅಮಲ್ದಾರನು ಒಬ್ಬನೇ ಕುಳಿತು ವಿಚಾರಿಸುವಾಗ ಅವನ ಅಧಿಕಾರದ ಮಿತಿ ಚಿಕ್ಕದು. ಪಂಚಾಯಿತಿಯ ಸಹಾಯದಿಂದ ವಿಚಾರಿಸಿದರೆ ಆ ಮಿತಿ ಹಿಗ್ಗುತ್ತಿತ್ತು. ಪಂಚರು ಅಲಂಕಾರಕ್ಕೆ ಕುಳಿತವರಲ್ಲ. ಅವರ ಇರವಿನಿಂದ ಅಧಿಕಾರಿಯ ಅಧಿಕಾರವೇ ಬೆಳೆಯುತ್ತಿತ್ತು. ಪಂಚರ ಅರಿವಿಗೂ ಸರ್ಕಾರದ ಬಲಕ್ಕೂ ಗಂಟು ಹಾಕುವ ಮಾರ್ಗ ಇಲ್ಲಿ ಸಿಕ್ಕಿತ್ತೆನ್ನಬಹುದು. ಆದರೆ ಬೌರಿಂಗನ ಆಡಳಿತದಿಂದ (೧೮೬೨–೧೮೭೦) ಮುಂದಕ್ಕೆ ಬ್ರಿಟಿಷ್ ಸೀಮೆಯ ಮಾದರಿಯ ನ್ಯಾಯಾಲಯಗಳು ನೆಲೆಗೊಂಡಂತೆ ಇದೂ ಸವೆದುಹೋಯಿತು.

೫

೧೮೫೯ರಲ್ಲಿ ಬ್ರಿಟಿಷ್ ಇಂಡಿಯಾದ ಮೊದಲನೆಯ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂದಿತು. ಅದರಲ್ಲಿ ಜೂರಿಗೆ ಎಡೆಯಿರಲಿಲ್ಲ. ಅದೇ ವರ್ಷದ ಕಾಲಮಿತಿಯ ಕಾಯಿದೆಯು ನೋಂದಣಿಯಾಗದ ಸಾಲಪತ್ರಗಳ ಮೇಲೆ ದಾವೆ ಹೂಡಲು ಮೂರು ವರ್ಷಗಳ ಅವಧಿಯನ್ನು ಗೊತ್ತುಮಾಡಿತು. ರೈತನಿಗೆ ರಕ್ಷಣೆಯಾಗಲೆಂದು ಮಾಡಿದ ಈ ವಿಧಿ ಅವನಿಗೇ ಮುಳುವಾಯಿತು. ಮೂರು ವರ್ಷ ತುಂಬುವುದರೊಳಗೆ ಸಾಹುಕಾರನು ಅಸಲಿಗೆ ಬಡ್ಡಿಯನ್ನು ಸೇರಿಸಿ ಹೊಸ ಪತ್ರವನ್ನು ಬರೆಸಿಕೊಳ್ಳುವನು. ಮತ್ತೆ ಮೂರು ವರ್ಷಕ್ಕೆ ಆ ಮೊತ್ತವೇ ಅಸಲು. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ’ದ ಹಳೆಯ ಧರ್ಮಶಾಸ್ತ್ರನಿಯಮ ಮುಂಬಯಿಯ ನ್ಯಾಯಾಲಯಗಳಲ್ಲಿ ಮಾನ್ಯವಾಗಿದ್ದರೂ, ಪ್ರತಿ ಬಾರಿಯೂ ಹೊಸ ಪತ್ರವಾಗುತ್ತಿದ್ದುದರಿಂದ ಆ ತಡೆ ನಿಷ್ಫಲವಾಯಿತು.

ನ್ಯಾಯಾಲಯದ ಮುಂದೆ ಇರುತ್ತಿದ್ದುದು ಒಂದು ಪತ್ರ ಮತ್ತು ಅದರ ಕೆಳಗಿನ ಹೆಬ್ಬೆಟ್ಟಿನ ಗುರುತು. ಪತ್ರದ ಹಿಂದೆ ಎಷ್ಟು ಪತ್ರಗಳಿವೆ, ಮೊದಲು ಕೈಗೆ ಬಂದ ಹಣವೆಷ್ಟು, ಕಾಳಿನ ರೂಪದಲ್ಲಿ ಸಂದದ್ದೆಷ್ಟು ಎಂಬುದನ್ನು ಊರಿನ ನಾಲ್ಕು ಮಂದಿ ಬಲ್ಲರು. ದೂರದ ಪಟ್ಟಣದ ಮುನ್ಸೀಫನು ಹೇಗೆ ಬಲ್ಲನು? ಅನೇಕ ವೇಳೆ ರೈತನು ನ್ಯಾಯಾಲಯಕ್ಕೆ ಹೋಗುತ್ತಲೇ ಇರಲಿಲ್ಲ. ಅವನು ಇಲ್ಲದೆಯೇ ಡಿಕ್ರಿಯಾಗುತ್ತಿತ್ತು. ಲೆಕ್ಕದ ಪುಸ್ತಕ ಒಬ್ಬನ ಬಳಿಯಲ್ಲಿದ್ದು ಇನ್ನೊಬ್ಬನಿಗೆ ಓದಲೇ ಬಾರದಿರುವಾಗ, ಪುಸ್ತಕವನ್ನೇ ನಂಬುವ ನ್ಯಾಯ ಎಷ್ಟು ನಿಷ್ಪಕ್ಷಪಾತವಾಗಿದ್ದರೂ ಒಬ್ಬನ ಕಡೆಗೇ ವಾಲುತ್ತದೆ.

೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ದಂಗೆ ಎದ್ದಿತು. ಅದು ಅಹಮದನಗರ ಜಿಲ್ಲೆಗೂ ಹಬ್ಬಿತು. ದಂಗೆಯ ರೈತರು ಮುಖ್ಯವಾಗಿ ಅರಸಿದ್ದು ಸಾಹುಕಾರರ ಮನೆಯ ಸಾಲಪತ್ರಗಳನ್ನು. ಸಿಕ್ಕಿದ ಪತ್ರಗಳನ್ನು ಸುಟ್ಟರು. ನ್ಯಾಯಾಲಯವು ಯಾವ ಪತ್ರದ ಹಿಂದಕ್ಕೆ ನೋಡಲು ಒಪ್ಪಲಿಲ್ಲವೋ ಆ ಪತ್ರದ ಮೇಲೆಯೇ ಅವರ ಕೋಪ ತಿರುಗಿತು.

ಸರ್ಕಾರವು ವಿಚಾರಣಾ ಆಯೋಗವನ್ನು ನೇಮಿಸಿ, ಅದರ ವರದಿಯ ಬಳಿಕ ೧೮೭೯ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯನ್ನು ಮಾಡಿತು. ಅದು ಮೊದಲು ಅನ್ವಯವಾದದ್ದು ಪುಣೆ, ಸಾತಾರಾ, ಅಹಮದನಗರ ಮತ್ತು ಕನ್ನಡಿಗರು ಗಣನೀಯವಾಗಿರುವ ಸೊಲ್ಲಾಪುರ ಜಿಲ್ಲೆಗಳಿಗೆ. ಮುಂದೆ ಅದರ ಮುಖ್ಯ ವಿಧಿಗಳು ಆಧಿಪತ್ಯದ ಇತರ ಭಾಗಗಳಿಗೂ ಹಬ್ಬಿದವು. ಗೋದಾವರಿಯ ಆಚೆ ದಡದ ಔರಂಗಾಬಾದ್ ಸೀಮೆ ನಿಜಾಮರದಾದುದರಿಂದ ಚಿಕಲಠಾಣಾದಂಥ ಹಳ್ಳಿಗಳು ಈ ಕಾಯಿದೆಗೆ ಒಳಪಡಲಿಲ್ಲ. ನ್ಯಾಯಾಲಯವು ಪತ್ರದ ಹಿಂದಕ್ಕೆ ಹೋಗಿ ಮೊದಲಿನಿಂದಲೂ ಲೆಕ್ಕ ತೆಗೆಯಬೇಕೆಂದು ಕಾಯಿದೆ ವಿಧಿಸಿತು. ಹತ್ತು ರೂಪಾಯಿಯ ಮಿತಿಯೊಳಗಿನ ದಾವೆಗಳಿಗೆ ಗ್ರಾಮ ಮುನ್ಸೀಫರನ್ನು ಮತ್ತೆ ತಂದಿತು. ಇವಲ್ಲದೆ ‘ಸಂಧಾನಕಾರ’ರನ್ನು ನೇಮಿಸಿ, ಅವರ ಪ್ರಮಾಣಪತ್ರವಿಲ್ಲದೆ ರೈತನ ಮೇಲೆ ದಾವೆ ಹೂಡಕೂಡದೆಂದಿತು.

ಐವತ್ತು ವರ್ಷ ಹಿಂದೆ ಕೈಬಿಟ್ಟ ಪಂಚರನ್ನು ಸರ್ಕಾರವು ಹೀಗೆ ಬೇರೊಂದು ಹೆಸರಿನಿಂದ ಕರೆದಂತಾಯಿತು. ಆದರೆ ಸಂಧಾನಕಾರನು ನಿರ್ಣಯವನ್ನು ಕೊಡುವಂತಿರಲಿಲ್ಲ, ಸಂಧಾನಕ್ಕೆ ಒಪ್ಪದವನನ್ನು ಒಪ್ಪಿಸುವಂತಿರಲಿಲ್ಲ. ಸಂಧಾನವಾಗದಿದ್ದರೆ ಪ್ರಮಾಣಪತ್ರವನ್ನು ಬರೆದುಕೊಟ್ಟು ನ್ಯಾಯಾಲಯದ ದಾರಿ ತೋರಿಸಬೇಕು, ಅಷ್ಟೆ. ಬರಬರುತ್ತಾ ಅದು ದಾವೆಗೆ ಮುಂಚಿನ ಒಂದು ವಿಳಂಬವೆನಿಸಿತು. ೧೯೧೨ರಲ್ಲಿ ಸಂಧಾನದ ವಿಧಿಗಳು ರದ್ದಾದವು. ಒಪ್ಪಿಗೆಯೊಂದನ್ನೇ ನೆಚ್ಚಿದ ಪಂಚಾಯಿತಿ ೧೮೨೭ರ ಬಳಿಕ ಯಾವ ಗತಿಯನ್ನು ಕಂಡಿತೋ ಸಂಧಾನಕಾರನೂ ಅದನ್ನೇ ಕಂಡನು.

೬

ಸಿವಿಲ್ ಜೂರಿಯು ತನ್ನ ತವರಿನಲ್ಲಿಯೂ ಕ್ಷೀಣಿಸಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನಲ್ಲಿ ೧೮೫೪ರ ಕಾಯಿದೆಯಿಂದ ಉಭಯರ ಸಮ್ಮತಿಯ ಮೇಲೆ ಜೂರಿಯಿಲ್ಲದ ವಿಚಾರಣೆ ಸಾಧ್ಯವಾಯಿತು. ೧೯೩೩ರಿಂದ ಮಾನಹಾನಿ, ವಂಚನೆ, ಅಕ್ರಮ ಬಂಧನ ಮುಂತಾದ ಕೆಲವೇ ದಾವೆಗಳಿಗೆ ಜೂರಿಯ ಹಕ್ಕು ಉಳಿಯಿತು. ೨೦೧೩ರ ಕಾಯಿದೆಯು ಮಾನಹಾನಿಯಲ್ಲಿಯೂ ಅದನ್ನು ಅಪರೂಪಗೊಳಿಸಿತು. ಇಪ್ಪತ್ತು ಡಾಲರಿಗೆ ಮೀರಿದ ದಾವೆಗಳಲ್ಲಿ ಜೂರಿಯ ಹಕ್ಕನ್ನು ೧೭೯೧ರ ಸಂವಿಧಾನ ತಿದ್ದುಪಡಿಯಿಂದ ಭದ್ರಪಡಿಸಿಕೊಂಡ ಅಮೆರಿಕದಲ್ಲಿ ಅದು ಇಂದಿಗೂ ಇದೆ. ನಮ್ಮಲ್ಲಿ ಕ್ರಿಮಿನಲ್ ಮೊಕದ್ದಮೆಗಳ ಜೂರಿಯೂ ೧೯೭೩ರ ಸಂಹಿತೆಯೊಡನೆ ಕೊನೆಗೊಂಡಿತು. ಅದಕ್ಕೆ ಮೊದಲು, ಮುಂಬಯಿಯ ನಾನಾವತಿ ಮೊಕದ್ದಮೆಯ ಜೂರಿಯು ೧೯೫೯ರಲ್ಲಿ ಕೊಟ್ಟ ಅಭಿಪ್ರಾಯವನ್ನು ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು ಪ್ರಸಿದ್ಧವಾಗಿದೆ.

ಆದರೂ ಭಾರತದಲ್ಲಿ ಸಿವಿಲ್ ಜೂರಿ ಪೂರ್ತಿಯಾಗಿ ಅಳಿದಿಲ್ಲ. ಪಾರಸಿಗಳ ವಿವಾಹ ವಿಚ್ಛೇದನಗಳ ಕಾಯಿದೆ ೧೮೬೫ರಲ್ಲಿಯೇ ಆ ಸಮಾಜದ ‘ಡೆಲಿಗೇಟ’ರನ್ನು ನ್ಯಾಯಾಧೀಶನೊಡನೆ ಕೂಡಿಸಿತು, ೧೯೩೬ರ ಕಾಯಿದೆಯೂ ಅದನ್ನು ಮುಂದುವರಿಸಿತು. ವಾಸ್ತವಾಂಶದ ನಿರ್ಣಯ ಡೆಲಿಗೇಟರ ಬಹುಮತದ್ದು. ಕಾನೂನಿನ ನಿರ್ಣಯ ನ್ಯಾಯಾಧೀಶನದು. ೧೯೮೮ರ ತಿದ್ದುಪಡಿಯು ಅವರ ಸಂಖ್ಯೆಯನ್ನು ಏಳರಿಂದ ಐದಕ್ಕೆ ಇಳಿಸಿತು. ಐವರು ಪಂಚರು! ಈ ಏರ್ಪಾಡು ಬಾಳಿದ್ದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಇಲ್ಲಿ ಡೆಲಿಗೇಟರು ನ್ಯಾಯಾಲಯದ ಹೊರಗಿಲ್ಲ, ಒಳಗಿದ್ದಾರೆ. ಅವರನ್ನು ಕೂಡಿಸುವುದು ಕಾನೂನು, ಪಕ್ಷಗಾರನ ಮರ್ಜಿಯಲ್ಲ.

ಹಳೆಯ ಪಂಚಾಯಿತಿಯನ್ನು ಸುವರ್ಣಯುಗದ ಸಂಸ್ಥೆಯೆಂದು ಹೊಗಳುವುದು ಸಲ್ಲದು. ಹೆಂಗಸರಿಗೆ ಅಲ್ಲಿ ಪಂಚರಾಗಿ ಕೂಡುವ ಸ್ಥಾನ ಇರಲಿಲ್ಲ. ಜಾತಿಯ ಮೇಲು ಕೀಳುಗಳು ಸಭೆಯ ಒಳಗೂ ಇದ್ದವು. ಪಾಟೀಲನ ದ್ವೇಷಕ್ಕೆ ಗುರಿಯಾದವನಿಗೆ ಊರಿನ ಗೋತದಲ್ಲಿ ನ್ಯಾಯ ದೊರೆಯುವುದು ಕಠಿಣವಾಗಿತ್ತು. ಯಾರ ಪರಿಚಯವೂ ಇಲ್ಲದ ನ್ಯಾಯಾಧೀಶನ ಮುಂದೆ ಎಲ್ಲರೂ ಸಮಾನರಾಗಿ ನಿಲ್ಲಬಹುದೆಂಬುದು ಹೊಸ ನ್ಯಾಯಾಲಯಗಳ ದೊಡ್ಡ ಗುಣ. ಆದರೆ ಆ ಗುಣವನ್ನು ಪಡೆಯುವುದಕ್ಕಾಗಿ ಊರಿನವರ ಅರಿವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕಾಗಿರಲಿಲ್ಲವೆಂಬುದನ್ನು ಕಬ್ಬನನ ಮೈಸೂರೂ ಪಾರಸಿಗಳ ಕಾಯಿದೆಯೂ ತೋರಿಸುತ್ತವೆ. ದೊರೆಗಳು ಪಂಚಾಯಿತಿಯನ್ನು ಹೊಗಳಿದರು, ಕಾನೂನಿನಲ್ಲಿ ಅದರ ಹೆಸರನ್ನು ಇರಿಸಿದರು. ಆದರೆ ಕರೆದರೆ ಬರಬೇಕೆಂಬ ಕಟ್ಟನ್ನೂ, ಹೇಳಿದರೆ ನಡೆಯಬೇಕೆಂಬ ಬಲವನ್ನೂ ಅದಕ್ಕೆ ಕೊಡಲಿಲ್ಲ.

ಭಾಷೆಯೇ ಈ ಚರಿತ್ರೆಗೆ ಸಾಕ್ಷಿಯಾಗಿದೆ. ‘ಮಹಜರು’, ‘ಪಂಚರು’, ‘ಪಂಚನಾಮೆ’ ಎಂಬ ಶಬ್ದಗಳು ಕನ್ನಡ ಮರಾಠಿಗಳೆರಡರಲ್ಲಿಯೂ ಇಂದು ನಿತ್ಯ ಬಳಕೆಯಲ್ಲಿವೆ. ಮನೆಯ ಶೋಧನೆಯಾಗಲಿ ಮಾಲಿನ ಜಪ್ತಿಯಾಗಲಿ, ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರರೂ ಗೌರವಸ್ಥರೂ ಆದ ನಿವಾಸಿಗಳು ಎದುರಿಗಿರಬೇಕೆಂಬ ಹಿಂದಿನ ನಿಯಮವನ್ನು ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ಅವರು ಬಂದು, ನೋಡಿ, ಬರೆದುದರ ಕೆಳಗೆ ಸಹಿ ಹಾಕಿ ಹೋಗುತ್ತಾರೆ. ಒಂದು ಕಾಲಕ್ಕೆ ಮಹಜರೆಂದರೆ ಊರು ಕೊಟ್ಟ ತೀರ್ಪು. ಈಗ ಅಧಿಕಾರಿ ಬರೆದುಕೊಂಡ ಟಿಪ್ಪಣಿ. ಒಂದು ಕಾಲಕ್ಕೆ ಪಂಚನೆಂದರೆ ನ್ಯಾಯ ಹೇಳುವವನು. ಈಗ ನಡೆದದ್ದನ್ನು ಕಂಡೆನೆಂದು ಹೇಳುವವನು. ನೇಗಿಲಿನ ಗುರುತನ್ನು ಬರೆದು ತೀರ್ಪಿಗೆ ಹೊಣೆಯಾಗುತ್ತಿದ್ದ ಅಕ್ಷರವಿಲ್ಲದ ಪಾಟೀಲನಿಗಿದ್ದ ಸ್ಥಾನ, ಅಕ್ಷರ ಬಲ್ಲ ಇಂದಿನ ನಾಗರಿಕನಿಗೆ ಸಿವಿಲ್ ನ್ಯಾಯಾಲಯದಲ್ಲಿ ಇಲ್ಲ.